ಹಿಂದಿನ ಸೀಟಿನ ಸಾಕ್ಷಿ

ಆ ಪುಟ್ಟ ಐಷಾರಾಮಿ ಎಸ್‌ಯುವಿಯ ಹಿಂದಿನ ಸೀಟು ಹಾಳು ರಸ್ತೆಯಲ್ಲಿ ಸೊಂಟ ಮುರಿಯುತ್ತದೆ ಎಂದು ಪತ್ರಿಕೆಯ ನನ್ನ ಕಾರು ವಿಮರ್ಶೆಯಲ್ಲಿ ಬರೆದಿದ್ದೆ. ಕೊಂಡವರೆಲ್ಲ ಬೈದರು. ಚೆಟ್ಟಳ್ಳಿಯ ಕಾಫಿ ಬೆಳೆಗಾರನೊಬ್ಬ ಮಾತ್ರ, “ಬಂದು ಕೂತು ನೋಡಿ ಸಾರ್” ಎಂದು ಫೋನಿನಲ್ಲಿ ಕರೆದ. ಹೋದೆ.

ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ನನ್ನನ್ನು ಕೂರಿಸಿ ಎಸ್ಟೇಟ್ ರಸ್ತೆಯಲ್ಲಿ ಓಡಿಸಿದ. ಗುಂಡಿ ಬಂದಾಗಲೆಲ್ಲ ಆಕೆ ಸೊಂಟ ಹಿಡಿದುಕೊಳ್ಳುತ್ತಿದ್ದರು.

“ನೋವಾಗ್ತದಾ ಅವ್ವ?” ಮಗ ಮುಂದಿನಿಂದಲೇ ಕೇಳಿದ.

“ಇಲ್ಲಪ್ಪ, ಹಾಯಾಗುಂಟು.”

ಅವನು ಗೇಟು ತೆಗೆಯಲು ಇಳಿದಾಗ ಆಕೆ ಮೆಲ್ಲಗೆ ಹೇಳಿದರು: “ನೀವು ಬರೆದದ್ದು ಸರಿ. ಅದನ್ನ ಓದಿದ ದಿನ ಅವ ಊಟ ಮಾಡಲಿಲ್ಲ. ನನಗೋಸ್ಕರ ತಗೊಂಡ ಗಾಡಿ ಇದು.”

ಮಗ ಮರಳಿ ಬಂದು ನನ್ನೆದುರು ಮೊಬೈಲ್ ಹಿಡಿದ. “ಈಗ ಹೇಳಿ ಸಾರ್.”

“ಹಾಯಾಗಿದೆ” ಎಂದೆ.

ವಿಡಿಯೊ ಆ ಗಾಡಿಯ ಮಾಲೀಕರ ಮೊಬೈಲ್ ಗುಂಪಿಗೆ ಹೋಯಿತು. ಇಷ್ಟು ವರ್ಷಗಳಲ್ಲಿ ಅವರೆಲ್ಲ ಒಮ್ಮತದಿಂದ ಮೆಚ್ಚಿದ ನನ್ನ ವಿಮರ್ಶೆ ಆ ಒಂದೇ ಸುಳ್ಳು.