ಬೆಕ್ಕು ಕೊಡುವವರು ಮನೆ ನೋಡಲು ಬಂದರು

ಮಹಬೂಬಿಯ ಮುಂದೆ ನಾನು ಸುಳ್ಳು ಹೇಳಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುಳ್ಳು ಹೇಳಬಾರದು ಎಂದು ಶಾಲೆಯ ಮಕ್ಕಳಿಗೆ ಮೂವತ್ತು ವರ್ಷ ಬುದ್ಧಿ ಹೇಳಿ ನಿವೃತ್ತಳಾದವಳು, ಒಂದು ಬೆಕ್ಕಿನ ಮರಿಯ ಆಸೆಗೆ ಬಿದ್ದೆ.

ಸಿಂಧನೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಅಕ್ಕಿ ಗಿರಣಿ. ಇಲ್ಲಿಯ ಇಲಿಗಳು ಸೋನಾಮಸೂರಿ ತಿಂದು ಬೆಳೆದವು; ನಮ್ಮನ್ನು ಕಂಡರೆ ಓಡುವುದಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಬೆಕ್ಕು ಸಾಕೋಣ ಎಂದೆ. ಯಜಮಾನರು ಪೇಪರಿನ ಹಿಂದಿನಿಂದ ಹೂಂ ಎಂದರು. ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುವ ಮಹಬೂಬಿಯ ಬೆಕ್ಕು ಮರಿ ಹಾಕಿತ್ತು. ಕೇಳಿದರೆ ಚೀಲದಲ್ಲಿ ಹಾಕಿ ಕೊಡುತ್ತಾಳೆ ಅಂದುಕೊಂಡಿದ್ದೆ.

"ಮೊದ್ಲ ಮನಿ ನೋಡ್ತೀನ್ರಿ ಅಕ್ಕಾರ. ಮರಿ ಮಾತು ಆಮ್ಯಾಲೆ" ಎಂದಳು.

ಬಂದಳು, ಹೆಣ್ಣು ಕೊಡುವವರು ಬಂದ ಹಾಗೆ. ನಾನು ಚಹಾ, ಮಂಡಾಳೊಗ್ಗರಣೆ ತಂದಿಟ್ಟೆ, ಮುಟ್ಟಲಿಲ್ಲ. ಹಿತ್ತಲಿನ ನೀರಿನ ತೊಟ್ಟಿಗೆ ಮುಚ್ಚಳ ಉಂಟೋ ನೋಡಿದಳು. ಬಟ್ಟೆ ಒಗೆಯುವ ಮಿಷನ್ನಿನ ಬಾಗಿಲು ತೆರೆದಿತ್ತು, "ಒಳಗ ಹೋಗಿ ಮಲಗ್ತಾವ್ರಿ" ಎಂದು ಮುಚ್ಚಿದಳು. ಕಿಟಕಿಯ ಹರಿದ ಜಾಳಿಗೆಗೆ ಬೆರಳು ತೂರಿಸಿ ನನ್ನ ಮುಖ ನೋಡಿದಳು. ಕೊನೆಗೆ ಕೇಳಿದಳು:

"ಇಲಿ ಔಷಧ ಏನಾರ ಇಟ್ಟೀರೇನ್ರಿ?"

"ಇಲ್ಲವ್ವಾ" ಎಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಅಕ್ಕಿ ಚೀಲಗಳ ಹಿಂದೆ, ಅಟ್ಟದ ಮೇಲೆ, ಯಜಮಾನರು ಎಲ್ಲೆಲ್ಲಿ ಪಾಷಾಣದ ಬಿಲ್ಲೆ ಇಟ್ಟಿದ್ದರೋ ಅವರಿಗೇ ಗೊತ್ತಿರಲಿಲ್ಲ. ಆಮೇಲೆ ತೆಗೆಸಿದರಾಯಿತು ಎಂದುಕೊಂಡೆ.

ಪ್ರವಚನ ಮಾಡುವವರು ಮಾರ್ಜಾಲ ನ್ಯಾಯ ಎನ್ನುತ್ತಾರೆ. ತಾಯಿ ಕಚ್ಚಿಕೊಂಡು ಹೋಗಿ ಇಟ್ಟಲ್ಲಿ ಮರಿ ಸುಮ್ಮನಿರುತ್ತದೆ, ಭಕ್ತನೂ ಹಾಗಿರಬೇಕು ಎಂದು. ಮರಿಯ ಭಕ್ತಿ ಸರಿ, ತಾಯಿಯ ಚಿಂತೆ ಯಾರೂ ಹೇಳುವುದಿಲ್ಲ. ಏಳು ಮನೆ ತಿರುಗಿಸುತ್ತದಂತಲ್ಲ, ಯಾವ ಮನೆ ಒಳ್ಳೆಯದೆಂದು ಅದು ತಿಳಿಯುವುದು ಹೇಗೆ?

ಬಳಗಾನೂರಿನ ನನ್ನ ಅಜ್ಜಿಗೆ ಅದು ಗೊತ್ತಿತ್ತು. ನನ್ನನ್ನು ಕೊಡುವ ಮುಂಚೆ ಬಸ್ಸು ಹತ್ತಿ ಇದೇ ಮನೆ ನೋಡಲು ಬಂದಿದ್ದಳು. ಗಂಡಸರು ಪಡಸಾಲೆಯಲ್ಲಿ ಕಾಲುವೆ ನೀರಿನ ಮಾತಾಡುತ್ತ ಕುಳಿತರೆ ಅಜ್ಜಿ ಸೀದಾ ಅಡುಗೆಮನೆಗೆ ಹೋದಳಂತೆ. ಒಲೆಯ ಪಕ್ಕ ಬೆಕ್ಕು ಮಲಗಿತ್ತು. ಹೊಡೆಯುವವಳಂತೆ ಅದರ ಮೇಲೆ ಕೈ ಎತ್ತಿದಳು. ಬೆಕ್ಕು ಕದಲಲಿಲ್ಲ, ಒಂದು ಕಣ್ಣು ತೆರೆದು ಆಕಳಿಸಿತು. ಊರಿಗೆ ಬಂದು ಹೇಳಿದಳು: "ಆ ಮನ್ಯಾಗ ಕೈ ಎತ್ತಿದ್ರ ಬೆಕ್ಕ ಸೈತ ಅಂಜಂಗಿಲ್ಲ. ಹುಡುಗೀನ ಕೊಡ್ರಿ."

ನಲವತ್ತು ವರ್ಷವಾಯಿತು, ಅಜ್ಜಿಯ ಮಾತು ಸುಳ್ಳಾಗಲಿಲ್ಲ. ಅತ್ತೆಯ ಕಾಲಕ್ಕೇ ಆ ಒಲೆಯೂ ಬೆಕ್ಕೂ ಹೋದವು. ನಾವು ಗ್ರಾನೈಟ್ ಹಾಸಿದೆವು. ಬೆಕ್ಕಿನ ಜಾಗಕ್ಕೆ ಪಾಷಾಣದ ಬಿಲ್ಲೆ ಬಂತು. ಅಜ್ಜಿ ಬೆಕ್ಕನ್ನು ನಂಬಿ ನನ್ನನ್ನು ಕೊಟ್ಟ ಮನೆಯಲ್ಲಿ ನಿಂತು ಬೆಕ್ಕಿಗೇ ಮೋಸ ಮಾಡುತ್ತಿದ್ದೇನಲ್ಲ ಅನ್ನಿಸಿತು. ಮರುದಿನ ಬೆಳಿಗ್ಗೆ ಮಹಬೂಬಿಯ ಮನೆಗೆ ಹೋದೆ.

"ನಿನ್ನೆ ಸುಳ್ಳು ಹೇಳಿದ್ನೆವ್ವಾ. ಔಷಧ ಐತಿ."

ಅವಳು ಹೊಲಿಗೆ ನಿಲ್ಲಿಸಿದಳು. "ಗೊತ್ತಾಗಿತ್ರಿ. ಔಷಧ ತಿಂದ ಇಲೀನ ತಿಂದ್ರೂ ಮರಿ ಉಳಿಯಂಗಿಲ್ಲ. ಹೋದ ವರ್ಷ ಒಂದು ಹಂಗ ಹೋತು, ನನ್ನ ತೊಡಿ ಮ್ಯಾಲ." ಕತ್ತರಿ ಕೆಳಗಿಟ್ಟು, "ಎಲ್ಲಾ ತಗೀರಿ. ಒಂದು ತಿಂಗಳು ತಡದು ಕೊಡ್ತೀನಿ" ಎಂದಳು.

ಯಜಮಾನರು ಮಂಡಿಯೂರಿ ಚೀಲಗಳ ಸಂದಿಗೆ ಟಾರ್ಚ್ ಹಾಕಿದರು. ಇಲಿಗೆ ಕಾಣಲೆಂದು ಇಟ್ಟದ್ದು ಇಟ್ಟವರಿಗೇ ಕಾಣಲಿಲ್ಲ. ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಿ, ಬಿಲ್ಲೆಗಳನ್ನು ಒಂದೂ ಬಿಡದೆ ಹುಡುಕಿ ತೆಗೆದು, ನೆಲ ತೊಳೆದು, ಜಾಳಿಗೆ ಹೊಸದು ಹೊಡೆಸಿದೆವು. ತಿಂಗಳಾದ ಮೇಲೆ ಮರಿ ಬಂತು.

ಅದಾಗಿ ಎಂಟು ದಿನಕ್ಕೆ ಮಹಬೂಬಿ ತವರಿನವಳಂತೆ ನೋಡಲು ಬಂದಳು. ಮರಿ ಫ್ರಿಜ್ಜಿನ ಪಕ್ಕದ ಬಿಸಿಯಲ್ಲಿ ಮಲಗಿತ್ತು. ಅಷ್ಟರಲ್ಲಿ ಯಜಮಾನರು ಜೇಡರಬಲೆ ಹೊಡೆಯಲು ಕಸಬರಿಗೆ ಎತ್ತಿ ಹಿಡಿದುಕೊಂಡು ಅದರ ತಲೆಯ ಮೇಲೆಯೇ ಬಂದು ನಿಂತರು. ಮರಿ ಒಂದು ಕಣ್ಣು ತೆರೆಯಿತು, ಆಕಳಿಸಿತು, ಮತ್ತೆ ಮಲಗಿತು.

ಮಹಬೂಬಿ ಅಂದು ಚಹಾ ಕುಡಿದಳು. "ಇನ್ನ ನಾ ನೋಡಾಕ ಬರಂಗಿಲ್ರಿ ಅಕ್ಕಾರ" ಎಂದಳು. ಅವಳಿಗೆ ನನ್ನ ಅಜ್ಜಿ ಗೊತ್ತಿಲ್ಲ.

ನಾನೇಕೆ ಕಣ್ಣೊರೆಸಿಕೊಳ್ಳುತ್ತಿದ್ದೇನೆ ಎಂದು ಯಜಮಾನರು ಕೇಳಿದರು. ಜೇಡರಬಲೆಯ ಧೂಳು ಎಂದೆ. ನಲವತ್ತು ವರ್ಷದ ಹಿಂದೆ ತಮ್ಮ ಮನೆ ಪಾಸಾದದ್ದು ಯಾವ ಪರೀಕ್ಷೆಯಲ್ಲಿ ಎಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಈಗ ಎರಡನೇ ಸಲ ಪಾಸಾದದ್ದೂ ಗೊತ್ತಿಲ್ಲ.