ಕಂಪೆನಿ ಬದಲಿಸುವ ಸಿಮ್ಮು

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸಿ ಓದಲು ಈಗಲೂ ಹೊತ್ತು ಬೇಕು. ಆದರೂ ನನ್ನ ಟ್ಯಾಬಿನ ಸಿಮ್ಮಿನ ಗುಣ ನನಗೆ ಗೊತ್ತು. ಅದನ್ನು ಕಳಚಿ ಬೇರೆ ಹಾಕಬೇಕೆಂದಿಲ್ಲ. ಪರದೆಯ ಮೇಲೆ ಕಂಪೆನಿಗಳ ಹೆಸರು ಬರುತ್ತದೆ. ಬೇಕಾದ್ದನ್ನು ಬೆರಳಲ್ಲಿ ಒತ್ತಿದರೆ ಹಳೆಯದು ಹೋಯಿತು, ಹೊಸದು ಬಂತು. ನನ್ನ ಗಂಡ ಬದುಕಿದ್ದಾಗ ಇಷ್ಟು ಸುಲಭದ ಉಪಾಯ ಯಾವುದೂ ಇರಲಿಲ್ಲ.

ಟ್ಯಾಬ್ ತೆಗೆಸಿಕೊಟ್ಟವಳು ಮಗಳು ಪ್ರಮೀಳಾ. ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನಿನ ಫೋಟೊ ತೆಗೆದು ವಾಡಿಕೆಯ ಮನೆಗಳಿಗೆ ಕಳಿಸುವುದು, ಬೇಕೆಂದವರಿಗೆ ಮಾತ್ರ ಕೊಂಡುಹೋಗುವುದು. ಗೇಟಿನಲ್ಲಿ ನಿಂತು ಕೂಗುವುದು ತಪ್ಪಿತು, ಗಂಟಲಿಗೆ ಸುಖವಾಯಿತು. ಒಂದು ದಿನ ಕೂಳೂರು ಸೇತುವೆಯ ಹತ್ತಿರ ಸಿಗ್ನಲ್ ಸಿಗದೆ ಸಿಟ್ಟು ಬಂದು ಕಂಪೆನಿ ಬದಲಿಸಿಬಿಟ್ಟೆ. ಅದರೊಂದಿಗೆ ನಂಬರೂ ಬದಲಾಯಿತು. ಉಳಿದ ಗಿರಾಕಿಗಳಿಗೆಲ್ಲ ಮಗಳಿಂದ ಹೇಳಿಸಿದೆ. ಕೊಟ್ಟಾರದ ಸಿಸಿಲಿ ಬಾಯಮ್ಮನಿಗೆ ಮಾತ್ರ ಹೇಳಿಸಲಿಲ್ಲ. ಮೂವತ್ತು ವರ್ಷ ಶುಕ್ರವಾರ ತಪ್ಪದೆ ನನ್ನಿಂದಲೇ ಮೀನು ತೆಗೆದುಕೊಂಡ ರಿಟೈರ್ಡ್ ಟೀಚರು. ಅವರಿಗೂ ನನ್ನ ಗುರುತು ಹೇಳಬೇಕೇ ಎಂದುಕೊಂಡೆ.

ಫೋಟೊ ಹೋಯಿತು, ಉತ್ತರ ಬರಲಿಲ್ಲ. ಮರುವಾರವೂ ಇಲ್ಲ. ನಾನು ಅವರಿಗೆ ಬೇಡವಾದರೆ ಅವರು ನನಗೂ ಬೇಡ ಎಂದು ಆ ಗೇಟಿನ ಮುಂದೆಯೇ ಮುಖ ತಿರುಗಿಸಿ ನಡೆದೆ. ಹೀಗೆ ನಾಲ್ಕು ತಿಂಗಳು.

ಕೊನೆಗೆ ಪ್ರಮೀಳಾ ಬೈದಳು. "ಅಮ್ಮ, ನಿನಗೆ ಮಂಡೆ ಸಮ ಇಲ್ಲವಾ? ಹೋಗಿ ಒಮ್ಮೆ ಕೇಳ್ಲಿಕ್ಕೆ ಎಂತ ಧಾಡಿ?"

ಹೋದೆ. "ಮೀನ್ ಬೋಡಾ ಬಾಯಮ್ಮಾ?" ಮೀನು ಬೇಕಾ ಎಂದು ಹಳೆಯ ಹಾಗೆ ತುಳುವಿನಲ್ಲೇ ಕೂಗಿದೆ. ಬಾಯಮ್ಮ ಓಡಿಯೇ ಬಂದರು.

"ಗಿರಿಜಾ! ನೀನು ಸತ್ತೇಹೋದಿ ಅಂತ ಎಣಿಸಿದ್ದೆ ಮಾರಾಯ್ತಿ! ಎಷ್ಟು ಮೆಸೇಜ್ ಹಾಕಿದ್ದೇನೆ!"

ಎಲ್ಲವೂ ಹಳೆಯ ನಂಬರಿಗೆ. ಗುರುತಿಲ್ಲದ ನಂಬರಿನಿಂದ ಬಂದದ್ದನ್ನು ತೆರೆದರೆ ಮೋಸ ಎಂದು ಹೆದರಿ, ನಾನು ಕಳಿಸಿದ ಬಂಗುಡೆ ಮೀನಿನ ಫೋಟೊಗಳನ್ನು ಅವರು ನೋಡಿಯೇ ಇರಲಿಲ್ಲ. ಆ ಸಿಮ್ಮಿಗೆ ಬಿಡುವುದು ಗೊತ್ತು, ಬಿಟ್ಟದ್ದನ್ನು ಹೇಳುವುದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

"ಇನ್ನು ಶುಕ್ರವಾರ ನಾನೇ ತರ್ತೇನೆ," ಎಂದೆ.

ಬಾಯಮ್ಮನ ಮುಖ ಸಣ್ಣದಾಯಿತು. "ಶುಕ್ರವಾರ ಈಗ ಲೀಲಾ ಅಂತ ಒಬ್ಬಳು ತರ್ತಾಳೆ. ಪಾಪ, ಅವಳು ಎಂತ ತಪ್ಪು ಮಾಡಿದ್ದಾಳೆ? ಬೇಡ ಅಂತ ಹೇಗೆ ಹೇಳುವುದು? ನೀನು ಬುಧವಾರ ಬಾ."

ಸಿಟ್ಟು ಬಂತು, ಬಸ್ ಸ್ಟಾಪಿನವರೆಗೂ ಇತ್ತು. ಬಸ್ಸು ತಡವಾದದ್ದರಿಂದ ಯೋಚನೆಗೆ ಪುರುಸೊತ್ತು ಸಿಕ್ಕಿತು. ನಾಲ್ಕು ತಿಂಗಳ ಹೊಸಬಳನ್ನೇ ಬಿಡಲಾರದ ಹೆಂಗಸು ಮೂವತ್ತು ವರ್ಷದವಳನ್ನು ಬಿಟ್ಟುಬಿಟ್ಟಳೆಂದು ನಾನು ನಂಬಿದ್ದಾದರೂ ಹೇಗೆ?

ಅಂತೂ ಈಗ ನಾನು ಬುಧವಾರದವಳು.