ಮೂರನೆಯ ದೊಣೆಗೆ ಇಳಿಯದ ದಿನ

ಪ್ರವಾಸಿಗರಿಗೆ ಗುಡ್ಡ ತೋರಿಸುವ ಕೆಲಸ ನನ್ನಿಂದ ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಬೇರೆ ಯಾರಾದರೂ ಹೇಳಿದ್ದರೆ ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಸವಳಂಗದ ಆಚೆಗಿನ ಆ ಗುಡ್ಡವನ್ನು ಅವನಷ್ಟು ಬಲ್ಲವರು ನಮ್ಮ ಸೀಮೆಯಲ್ಲಿ ಇಲ್ಲ. ಮೀಸೆ ಮೂಡುವ ಮೊದಲಿನಿಂದ ಅಲ್ಲಿ ಕುರಿ ಮೇಯಿಸುತ್ತಾ ಬಂದವನು. ನನಗೆ ಆ ಗುಡ್ಡ ತೋರಿಸಿದವನೂ ಅವನೇ.

"ಗುಡ್ಡ ತೋರ್ಸಾಕೂ ಸರ್ಟಿಫಿಕೇಟ್ ಕೊಡ್ತಾರಾ?" ಎಂದು ಅವನು ಬಿದ್ದು ಬಿದ್ದು ನಕ್ಕ. "ಆಗೋ ಮಾತಲ್ಲ ಬಿಡವ್ವ. ನಿನ್ನ ಹಿಂದೆ ಯಾರು ಬರ್ತಾರೆ? ಕುರಿ ಬೇಕಾದ್ರೆ ಬರ್ತಾವೆ. ಅವಕ್ಕೂ ಕೈಯಾಗೆ ಸೊಪ್ಪಿರಬೇಕು."

ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. "ಓದಿದ ಹುಡುಗಿ ಅಣ್ಣ ಅದು. ಹಂಗನ್ನಬ್ಯಾಡ" ಎಂದಳು.

"ಓದ್ಯಾಳೆ ಅಂತಾನೇ ಹೇಳ್ತಿರಾದು. ಓದಿ ಮತ್ತೆ ಗುಡ್ಡಕ್ಕೇ ಬರಾದಾದ್ರೆ ಓದಿದ್ದು ಯಾತಕ್ಕೆ? ನಾನು ಓದ್ದಂಗೇ ಗುಡ್ಡದಾಗಿದೀನಿ. ಬಸ್ ಪಾಸೂ ಬೇಕಾಗ್ಲಿಲ್ಲ."

ಈ ಮಾತೇ ನನಗೆ ಹೆಚ್ಚು ಚುಚ್ಚಿದ್ದು.

ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೂರು ವರ್ಷ ಹೊನ್ನಾಳಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಸೀಟು ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಕಂಬಿ ಹಿಡಿದು ನಿಂತುಕೊಂಡೇ ಇತಿಹಾಸದ ನೋಟ್ಸು ಬಾಯಿಪಾಠ ಮಾಡಿದ್ದೇನೆ. ಆದರೆ ಡಿಗ್ರಿಯ ಪ್ರಮಾಣಪತ್ರ ನನ್ನ ಕೈಗೆ ಬಂದದ್ದು ಕಿಟಕಿಯ ಸರಳಿನ ಸಂದಿಯಿಂದ. "ಇಲ್ಲಿ ಸಹಿ ಹಾಕಮ್ಮ. ಹ್ಞೂಂ, ಮುಂದೆ ಯಾರು?" ಅಷ್ಟೇ. ಮನೆಗೆ ತಂದು ಅವ್ವನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟೆವು. ಆಮೇಲೆ ಎರಡು ವರ್ಷ ನ್ಯಾಮತಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಅಂಕಪಟ್ಟಿಗಳನ್ನು ನಕಲು ತೆಗೆದುಕೊಟ್ಟೆ.

ಆ ಅಂಗಡಿಗೇ ಒಂದು ದಿನ ಒಂದು ನೋಟೀಸು ನಕಲಿಗೆ ಬಂತು. ಓದಿದ ಯುವಕ ಯುವತಿಯರಿಗೆ ಚನ್ನಗಿರಿಯಲ್ಲಿ ಮೂರು ತಿಂಗಳ ಪ್ರವಾಸ ಮಾರ್ಗದರ್ಶಿ ತರಬೇತಿ. ಐವತ್ತು ಪ್ರತಿ ತೆಗೆದೆ. ಐವತ್ತೊಂದನೆಯದನ್ನು ನನಗಾಗಿ ತೆಗೆದಿಟ್ಟುಕೊಂಡೆ. ತರಬೇತಿಗೆ ಸೇರಿದೆ. ಸೂಳೆಕೆರೆಯ ಏರಿಯ ಮೇಲೆ ನಿಂತು ನೂರು ಸಲ ಒಂದೇ ಕಥೆ ಹೇಳಿ ಅಭ್ಯಾಸ ಮಾಡಿದೆವು. ಪ್ರಥಮ ಚಿಕಿತ್ಸೆ ಕಲಿತೆವು. ಕೊನೆಯ ಪರೀಕ್ಷೆ ಮಾತ್ರ ಕಾಗದದ ಮೇಲಿನದಲ್ಲ. ನಿಜವಾದ ಪ್ರವಾಸಿಗರ ಗುಂಪನ್ನು ಅರ್ಧ ದಿನ ಕರೆದುಕೊಂಡು ಹೋಗಿ ಊಟದ ಹೊತ್ತಿಗೆ ವಾಪಸ್ ತರಬೇಕು. ಜಾಗವನ್ನು ನಾವೇ ಆರಿಸಿಕೊಳ್ಳಬಹುದಿತ್ತು. ಪರೀಕ್ಷಕರು ಜೊತೆಗೆ ಬಂದು ಅಂಕ ಹಾಕುತ್ತಾರೆ. ಪಾಸಾದರೆ ಈ ಕೆಲಸ ಮಾಡಲು ಪರವಾನಗಿ. ಇಲ್ಲದಿದ್ದರೆ ಮತ್ತೆ ಜೆರಾಕ್ಸ್ ಅಂಗಡಿ.

ನಾನು ನಮ್ಮ ಗುಡ್ಡದ ದೊಣೆಗಳನ್ನು ಆರಿಸಿಕೊಂಡೆ. ಬಂಡೆಯಲ್ಲಿ ತಾನಾಗಿ ಆದ ನೀರಿನ ಗುಂಡಿಗೆ ನಾವು ದೊಣೆ ಅನ್ನುತ್ತೇವೆ. ಆ ಗುಡ್ಡದಲ್ಲಿ ಮೂರಿವೆ. ಮೊದಲನೆಯದು ಬಂಡೆಯ ಮರೆಯಲ್ಲಿದೆ, ಒರತೆಯ ನೀರು, ಕುಡಿಯಲು ಮಾತ್ರ. ಅದಕ್ಕೆ ಕಾಲು ತಾಗಿಸುವಂತಿಲ್ಲ. ಎರಡನೆಯದು ಅಗಲವಾಗಿದೆ, ಮೊಳಕಾಲುದ್ದ ನೀರು, ಅದು ಕುರಿಗಳದ್ದು. ಮೂರನೆಯದು ಎಲ್ಲಕ್ಕಿಂತ ಮೇಲೆ ಎರಡು ಬಂಡೆಗಳ ನಡುವೆ. ಎರಡಾಳು ಆಳ. ಅದು ಈಜಲು. ಎಂಟು ವರ್ಷದವಳಿದ್ದಾಗ ಬೆನ್ನಿಗೆ ಕತ್ತಾಳೆಯ ಬೆಂಡು ಕಟ್ಟಿ ಮಾವ ನನ್ನನ್ನು ಅದರೊಳಗೆ ನೂಕಿದ್ದ. ಎರಡು ಬೇಸಿಗೆಯಲ್ಲಿ ಈಜು ಬಂತು. ದೊಡ್ಡವಳಾದ ಮೇಲೆ ನೀರಿಗೆ ಇಳಿಯುವುದು ಬೇಡವೆಂದರು. ನಿಂತಿತು.

ಪರೀಕ್ಷೆಗೆಂದು ನನಗೆ ಸಿಕ್ಕವರು ಜಗಳೂರು ಕಡೆಯ ಹನ್ನೆರಡು ಜನ ಅಂಗನವಾಡಿ ಟೀಚರುಗಳು. ಅವರ ರಜೆಯ ದಿನ. ಟೆಂಪೊ ಇಳಿಯುವಾಗಲೇ ಗಲಾಟೆ. ಅವರಲ್ಲಿ ಎಲ್ಲರಿಗಿಂತ ಹಿರಿಯರಾದವರು, ಬರುವ ವರ್ಷ ನಿವೃತ್ತರಾಗುವವರು, ಕೈಚೀಲವನ್ನು ತಟ್ಟಿ ತೋರಿಸಿದರು.

"ತಂಗಿ, ನೈಟಿ ತಂದೀನಿ ನೋಡು. ನೀರಿಗೆ ಇಳಿಯಾಕೇ ಬಂದಿರಾದು ನಾನು. ನಮ್ಮೂರಾಗೆ ನಾವು ನೀರು ಕಂಡಿದ್ದು ಅಂದ್ರೆ ಟ್ಯಾಂಕರ್‌ನಾಗೆ."

"ಇಳೀರಿ ಅಕ್ಕ. ಲೈಫ್ ಜಾಕೆಟ್ ಅದಾವೆ, ಒಬ್ಬೊಬ್ಬರಿಗೂ ಕಟ್ಟಿ ಇಳಿಸ್ತೀನಿ" ಎಂದೆ. ಮಾತು ಕೊಟ್ಟವಳು ನಾನೇ.

ಪರೀಕ್ಷಕರು ದಾವಣಗೆರೆಯಿಂದ ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಹೊಸ ಶೂ ಹಾಕಿಕೊಂಡು ಬಂದಿದ್ದರು, ಮೊದಲ ಏರಿಗೇ ಹಿಮ್ಮಡಿ ಕಚ್ಚತೊಡಗಿತ್ತು. ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಫಾರ್ಮು. ಅದರಲ್ಲಿ ಏನೇನಿದೆಯೆಂದು ನನಗೆ ಗೊತ್ತಿತ್ತು. ನೂರಕ್ಕೆ ಅರವತ್ತು ಬಂದರೆ ಪಾಸು. ನಾನು ಮೊದಲೇ ಬರೆದುಕೊಟ್ಟಿದ್ದ ಕಾರ್ಯಕ್ರಮದಂತೆ ಈಜು ಮಾಡಿಸಿದರೆ ಇಪ್ಪತ್ತೈದು. ಅಷ್ಟು ದೊಡ್ಡ ಮೊತ್ತ ಬೇರೆ ಯಾವ ಅಂಕಣಕ್ಕೂ ಇರಲಿಲ್ಲ. ಇಂಗ್ಲಿಷಿನಲ್ಲಿ ವಿವರಿಸುವುದಕ್ಕೆ ಹದಿನೈದು. ಅದರಲ್ಲಿ ನನಗೆ ಐದು ಬಂದರೆ ಹೆಚ್ಚೆಂದು ತಿಳಿದಿದ್ದೆ.

ಮುಂಗಾರಿನ ಎರಡು ಮಳೆ ಬಿದ್ದಿದ್ದವು. ಹಿಂದಿನ ಸಂಜೆಯೂ ಜೋರಾಗಿ ಹೊಡೆದಿತ್ತು. ಗುಡ್ಡದ ತುಂಬ ತಂಗಡಿ ಹಳದಿ ಹೂ ಬಿಟ್ಟಿತ್ತು. ಮೊದಲನೆಯ ದೊಣೆಯಲ್ಲಿ ಎಲ್ಲರೂ ಚಪ್ಪಲಿ ದೂರ ಬಿಟ್ಟು ಬೊಗಸೆಯಲ್ಲಿ ನೀರು ಕುಡಿದರು. ಪರೀಕ್ಷಕರು ಶೂ ಬಿಚ್ಚಿದವರು ಅರ್ಧ ಗಂಟೆ ಮತ್ತೆ ಹಾಕಿಕೊಳ್ಳಲೇ ಇಲ್ಲ. ನನ್ನ ಮಾತೂ ಚೆನ್ನಾಗಿ ಬರುತ್ತಿತ್ತು. ಒಬ್ಬ ಟೀಚರು "ಏನ್ ಚೆಂದ ಹೇಳ್ತಾಳ್ರೀ, ನಮ್ಮ ಸೂಪರ್‌ವೈಸರಿಗಿಂತ ವಾಸಿ" ಎಂದರು. ನನಗೆ ಕಾಲು ನೆಲದ ಮೇಲೆ ಇರಲಿಲ್ಲ.

ಮೂರನೆಯ ದೊಣೆಯ ಬಾಯಿಗೆ ಬಂದೆವು. ಮುಂಗಾರಿನ ಕೆಂಪು ನೀರು ಅಂಚಿನವರೆಗೂ ತುಂಬಿತ್ತು. ಹಿಂದಿನಿಂದ "ಅಬ್ಬಬ್ಬಾ" ಎಂಬ ಉದ್ಗಾರ. ಹಿರಿಯ ಟೀಚರು ಆಗಲೇ ಬಂಡೆಯ ಮರೆಗೆ ನೈಟಿ ಹಿಡಿದು ಹೊರಟಿದ್ದರು.

ಆಗ ನಾನು ನೋಡಿದೆ. ಇಳಿಯುವ ಜಾಗದಲ್ಲಿ, ಬಂಡೆಯ ಮೇಲೆ, ಒಂದು ತಂಗಡಿ ರೆಂಬೆ. ಅದರ ಬುಡದ ಮೇಲೆ ಒಂದರ ಮೇಲೊಂದು ಮೂರು ಕಲ್ಲು.

ಗೊತ್ತಿಲ್ಲದವರಿಗೆ ಅದು ಏನೂ ಅಲ್ಲ. ಕುರಿ ಕಾಯುವವರ ಗುರುತು ಅದು. ನೀರಿನಲ್ಲಿ ಏನೋ ಕೆಟ್ಟದ್ದಿದೆ, ಇಳಿಯಬೇಡ ಎಂದು. ಏನು ಎಂದು ಹೇಳುವುದಿಲ್ಲ. ಸತ್ತ ಪ್ರಾಣಿ ಇರಬಹುದು, ಜಾರಿದ ಬಂಡೆ ಇರಬಹುದು. ಕಂಡವರು ಸೊಪ್ಪು ಇಟ್ಟು ಹೋಗುತ್ತಾರೆ, ಹಿಂದೆ ಬಂದವರು ಸೊಪ್ಪು ಎಷ್ಟು ಬಾಡಿದೆ ಎಂದು ನೋಡುತ್ತಾರೆ. ಪೂರ್ತಿ ಒಣಗಿದ್ದರೆ ಹಳೆಯ ಗುರುತು, ಕೋಲು ಹಾಕಿ ನೋಡಿ ಇಳಿಯಬಹುದು. ನಾನು ಬಗ್ಗಿ ಎಲೆ ಮುಟ್ಟಿದೆ. ಎಲೆಗಳು ಇನ್ನೂ ನೆಟ್ಟಗಿದ್ದವು. ಆ ದಿನ ಬೆಳಿಗ್ಗೆಯೇ ಮುರಿದದ್ದು.

ಇಲ್ಲಿ ಒಂದು ನಿಜ ಹೇಳಬೇಕು. ಆ ರೆಂಬೆಯನ್ನು ಕಾಲಿನಿಂದ ಸರಿಸಿಬಿಡೋಣ ಅನಿಸಿತ್ತು. ಅಲ್ಲಿದ್ದ ಹದಿಮೂರು ಜನರಲ್ಲಿ ಒಬ್ಬರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಸರಿಸಿದರೆ ಇಪ್ಪತ್ತೈದು ಅಂಕ. ಜಾಕೆಟ್ ಇದೆ, ನನಗೆ ಈಜು ಬರುತ್ತದೆ, ಏನಾದೀತು? ನನ್ನ ಬಲಗಾಲು ಸ್ವಲ್ಪ ಮುಂದೆ ಹೋಗಿದ್ದೂ ಉಂಟು.

ಅಷ್ಟರಲ್ಲಿ ಹಿರಿಯ ಟೀಚರು ನೈಟಿಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಬಂಡೆಯ ಮರೆಯಿಂದ ಹೊರಬಂದರು. ಚಿಕ್ಕ ಹುಡುಗಿಯ ಹಾಗೆ ಎರಡೂ ತೋಳು ಅಗಲಿಸಿ ನಿಂತು, "ಹೆಂಗೆ ಕಾಣ್ತೀನಿ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಇವತ್ತು ಇಳಿಯಂಗಿಲ್ಲ ಅಕ್ಕ" ಎಂದೆ.

ಚಪ್ಪಾಳೆ ನಿಂತಿತು. "ಯಾಕೆ?"

ಸೊಪ್ಪು ತೋರಿಸಿದೆ, ಹೇಳಿದೆ.

"ಅಯ್ಯ, ಯಾರೋ ಆಟಕ್ಕೆ ಇಟ್ಟಿರ್ತಾರೆ ಬಿಡು" ಎಂದರು ಒಬ್ಬರು. ಇನ್ನೊಬ್ಬರು, "ಅಷ್ಟು ದೂರದಿಂದ ಸೊಪ್ಪು ನೋಡಾಕೆ ಬಂದ್ವಾ? ನಮ್ಮ ಹೊಲದಾಗೇ ಬೇಕಾದಷ್ಟು ಐತೆ" ಎಂದರು. ಕೆಲವರು ನಕ್ಕರು.

ಪರೀಕ್ಷಕರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಒಳಗೆ ಏನೈತೆ ಅಂತ ನಿನಗೆ ಗೊತ್ತೇನು?"

"ಇಲ್ಲ ಸರ್."

"ಮತ್ತೆ? ಯಾರೋ ಸೊಪ್ಪಿಟ್ಟಿದ್ರು, ಅದಕ್ಕೆ ಈಜು ಮಾಡಿಸ್ಲಿಲ್ಲ ಅಂತ ನಾನು ಫಾರ್ಮಿನಾಗೆ ಹೆಂಗೆ ಬರೀಲಿ? ಅಂತ ಕಾಲಮ್ಮೇ ಇಲ್ಲ ಇದ್ರಾಗೆ. ಇದಕ್ಕೆ ಎಷ್ಟು ಅಂಕ ಅಂತ ಗೊತ್ತಲ್ಲ?"

"ಗೊತ್ತು ಸರ್. ಸೊನ್ನೆ ಹಾಕ್ಕೊಳ್ರಿ."

ಬಾಯಿಂದ ಆ ಮಾತು ಹೇಗೆ ಬಂತೋ ತಿಳಿಯದು. ಮೂರು ತಿಂಗಳು ಹೋಯಿತು ಎಂದುಕೊಂಡೆ.

ಟೀಚರುಗಳನ್ನು ಕೆಳಗೆ ಎರಡನೆಯ ದೊಣೆಗೆ ಕರೆತಂದೆ. "ಇದು ಕುರಿ ದೊಣೆ ಅಕ್ಕ. ಮೊಳಕಾಲುದ್ದ ನೀರು. ಕುರಿ ಬರಾಕೆ ಇನ್ನೂ ಹೊತ್ತೈತೆ, ಕುಂದ್ರಬಹುದು" ಎಂದೆ. ಮುಖ ಸಣ್ಣಗೆ ಮಾಡಿಕೊಂಡೇ ಬಂದಿದ್ದರು. ಮೊದಲು ಇಬ್ಬರು ಸೀರೆ ಎತ್ತಿ ಕಟ್ಟಿ ಇಳಿದರು. ಆಮೇಲೆ ನಾಲ್ವರು. ಹಿರಿಯ ಟೀಚರು ಆ ಮೊಳಕಾಲುದ್ದ ನೀರಿನಲ್ಲಿ, ಬೇಕಿಲ್ಲದ ಜಾಕೆಟ್ ತೊಟ್ಟುಕೊಂಡೇ, ಅಂಗಾತ ಮಲಗಿಬಿಟ್ಟರು. ಕಿವಿಯೊಳಗೆ ನೀರು ಹೋಗಿ ಏನೂ ಕೇಳಿಸುತ್ತಿರಲಿಲ್ಲವೋ ಏನೋ, ಯಾರು ಕರೆದರೂ ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಇದ್ದರು. ಉಳಿದವರು ನೀರೆರಚಾಡಿ ಬ್ಲೌಸು ತೋಯಿಸಿಕೊಂಡು ಕೂಗಾಡಿದರು. ಇಬ್ಬರು ಮಾತ್ರ ದಡದಲ್ಲೇ ಕುಳಿತಿದ್ದರು. ಹೇಳಿದ್ದೊಂದು ತೋರಿಸಿದ್ದೊಂದು ಎಂದು ಪರೀಕ್ಷಕರಿಗೆ ದೂರು ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಇಳಿಯುವ ದಾರಿಯಲ್ಲಿ ಮಾವ ಕುರಿ ಹೊಡೆದುಕೊಂಡು ಎದುರಾದ. ಅವನ ಎರಡೂ ಮುಂಗೈ ತುಂಬ ಗೀರು, ರಕ್ತ ಒಣಗಿತ್ತು. ಒಂದು ಟಗರಿನ ಕಾಲಿಗೆ ಅವನ ಟವೆಲ್ಲಿನ ಚೂರು ಕಟ್ಟಿತ್ತು. ನನ್ನನ್ನು ನೋಡಿ, ನನ್ನ ಹಿಂದೆ ಒಬ್ಬರ ಹಿಂದೊಬ್ಬರು ಬರುತ್ತಿದ್ದ ಒದ್ದೆ ಸೀರೆಯ ಸಾಲು ನೋಡಿ, ಕಂಬಳಿ ಸರಿಮಾಡಿಕೊಂಡ.

"ಸೊಪ್ಪು ನೋಡಿದ್ಯಾ?"

"ನೋಡ್ದೆ ಮಾವ. ಏನೈತೆ ಅದ್ರಾಗೆ?"

"ಜಾಲಿ ಮರ. ಮಳೆಗೆ ಬೇರು ಸಮೇತ ಬಂದು ತಲೆಕೆಳಗಾಗಿ ಕುಂತೈತೆ. ಮ್ಯಾಲೆ ಏನೂ ಕಾಣಂಗಿಲ್ಲ, ಕೆಂಪು ನೀರು. ಈ ಟಗರು ಹಾರ್ತು ನೋಡು, ಮುಳ್ಳಿನಾಗೆ ಸಿಕ್ಕೊಂಡು ಒದ್ದಾಡ್ತಿತ್ತು. ಬಿಡಿಸಾಕೆ ಸಾಕುಸಾಕಾತು." ಆಮೇಲೆ, "ಇಳಿಸ್ಲಿಲ್ಲ ತಾನೆ ಯಾರನ್ನೂ?" ಎಂದ.

"ಇಲ್ಲ."

ಅವನು "ಹ್ಞೂಂ" ಎಂದು ಕುರಿಗಳ ಹಿಂದೆ ಹೋದ. ಹೊಗಳುವುದು ಅವನಿಗೆ ಬರುವುದಿಲ್ಲ, ನಾನು ಕಾಯಲೂ ಇಲ್ಲ.

ಹಿರಿಯ ಟೀಚರು ಆ ಗೀರುಗಳನ್ನೇ ನೋಡುತ್ತಾ ನಿಂತಿದ್ದರು. ಟೆಂಪೊ ಹತ್ತುವವರೆಗೂ ನನ್ನ ತೋಳು ಬಿಡಲಿಲ್ಲ. ಪರೀಕ್ಷಕರು ಶೂ ಕೈಯಲ್ಲಿ ಹಿಡಿದು ಒಂದು ಬಂಡೆಯ ಮೇಲೆ ಕುಳಿತು ಫಾರ್ಮು ತುಂಬಿದರು. ಈಜಿನ ಅಂಕಣದಲ್ಲಿ ಸೊನ್ನೆಯೇ ಬರೆದರು. "ಮಾಡಿಸಿಲ್ಲ ಅಂದ್ಮೇಲೆ ಬೇರೆ ಬರೆಯಾಕೆ ಬರಲ್ಲಮ್ಮ" ಎಂದರು. ಸುರಕ್ಷತೆಯ ಅಂಕಣದಲ್ಲಿ ಪೂರ್ತಿ ಹಾಕಿ, ಅದರ ಪಕ್ಕದ ಖಾಲಿ ಜಾಗದಲ್ಲಿ ಸೊಪ್ಪಿನ ವಿಷಯವನ್ನೆಲ್ಲ ಸಣ್ಣ ಅಕ್ಷರದಲ್ಲಿ ತುಂಬಿಸಿದರು. ಒಟ್ಟು ಕೂಡಿಸುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಅರವತ್ತೆರಡು.

ಪ್ರಮಾಣಪತ್ರ ಕೊಡುವ ದಿನ ಅವ್ವ ನನ್ನ ಜೊತೆ ಚನ್ನಗಿರಿಗೆ ಬಂದಳು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ ಕೈ, ಎಷ್ಟು ತಿಕ್ಕಿದರೂ ಕಪ್ಪು ಬಿಟ್ಟಿರಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ನನ್ನ ಹೆಸರನ್ನು ಪೂರ್ತಿಯಾಗಿ, ಅಪ್ಪನ ಹೆಸರು ಊರಿನ ಹೆಸರು ಸೇರಿಸಿ, ಮೈಕಿನಲ್ಲಿ ಕರೆದರು. ವೇದಿಕೆ ಹತ್ತಿದೆ. ಈ ಸಲ ಕಿಟಕಿ ಇರಲಿಲ್ಲ, ಸರಳು ಇರಲಿಲ್ಲ. ಒಬ್ಬ ಹೆಣ್ಣುಮಗಳು ಎರಡೂ ಕೈಯಿಂದ ಕೊಟ್ಟರು. ನಾನು ಎರಡೂ ಕೈಯಿಂದ ತೆಗೆದುಕೊಂಡೆ.

ಕೆಳಗೆ ಬಂದು ಅವ್ವನ ಮಡಿಲಲ್ಲಿ ಇಟ್ಟೆ. ಮುಟ್ಟಲು ಹಿಂಜರಿದಳು. ಆಮೇಲೆ ಸೆರಗಿನಿಂದ ಕೈ ಹೊರಗೆ ತೆಗೆದು ಅಂಚು ಹಿಡಿದಳು.

"ನೀರಿಗೆ ಇಳಿಸ್ಲಿಲ್ಲ ಅಂತ ಇದ್ರಾಗೆ ಬರ್ದಾರೇನು?" ಎಂದು ಕಿವಿಯ ಹತ್ತಿರ ಕೇಳಿದಳು.

"ಇಲ್ಲವ್ವ."

"ಒಳ್ಳೇದಾತು." ಸುತ್ತ ಒಮ್ಮೆ ನೋಡಿ ದನಿ ಇನ್ನೂ ಇಳಿಸಿದಳು. "ಆ ಮರ ಎಳೆದು ಹಾಕಿದ ಮ್ಯಾಲೆ ಮೊದಲು ನನ್ನ ಕರ್ಕೊಂಡು ಹೋಗು. ಹುಟ್ಟಿದ್ದು ಆ ಗುಡ್ಡದ ಬುಡದಾಗೆ, ಇಷ್ಟು ವಯಸ್ಸಾತು, ಒಂದು ದಿನ ಆ ನೀರಿಗೆ ಇಳಿದಿಲ್ಲ ನಾನು. ನಿಮ್ಮ ಮಾವಂಗೆ ಹೇಳಬ್ಯಾಡ, ನಗ್ತಾನೆ."